ಬಾಗಿದ ಉಳಿಗೆ ಸಾಣೆ: ಬಿಳಿ ಗೆರೆ ನೋಡಿಕೊಂಡು ಹಿಡಿಯಿರಿ

ಚಪ್ಪಟೆ ಉಳಿಗೆ ಸಾಣೆ ಹಿಡಿಯೋದು ಹೇಗೋ ಬಂತು, ಗೌಜ್ ಮಾತ್ರ ಎಷ್ಟು ತಿಕ್ಕಿದರೂ ಹರಿತ ಆಗುತ್ತಿಲ್ಲ, ಏನು ಮಾಡಲಿ? ಮರ ಕೆತ್ತನೆ ಶುರು ಮಾಡಿದವರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹೆಚ್ಚಿನವರು ತಪ್ಪುವುದು ಕಲ್ಲಿನ ಆಯ್ಕೆಯಲ್ಲಿ ಅಲ್ಲ. ಎಷ್ಟು ಸಲ ತಿಕ್ಕಿದೆ ಅಂತ ಎಣಿಸುತ್ತಾರೆ, ಆದರೆ ಉಳಿಯ ಬಾಯಿಯನ್ನು ನೋಡುವುದೇ ಇಲ್ಲ. ಮೊಂಡಾದ ಅಂಚು ಬೆಳಕಿಗೆ ಹಿಡಿದರೆ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಹರಿತವಾದ ಅಂಚು ಕಾಣಿಸುವುದೇ ಇಲ್ಲ. ಆ ಬಿಳಿ ಗೆರೆಯನ್ನು ಓದಲು ಬಂದರೆ ಅರ್ಧ ಕೆಲಸ ಕಲಿತ ಹಾಗೆ.

ಮೊದಲು ಕೆಲವು ಪದಗಳು

ಗೌಜ್ ಅಂದರೆ ಬಾಯಿ ದೋಣಿಯ ಹಾಗೆ ಬಾಗಿರುವ ಉಳಿ. ಓರೆ ಅಂದರೆ ಉಳಿಯ ಹೊರಮೈಯಲ್ಲಿ ಬಾಯಿಯ ಕಡೆಗೆ ಇಳಿಜಾರಾಗಿ ತಿಕ್ಕಿರುವ ಭಾಗ, ಬೆವೆಲ್ ಅಂತಲೂ ಕರೆಯುತ್ತಾರೆ. ಓರೆ ಎಲ್ಲಿ ಮುಗಿದು ಉಳಿಯ ಮೈ ಶುರುವಾಗುತ್ತದೋ ಅದು ಹಿಮ್ಮಡಿ. ಬಾಯಿಯ ಎರಡು ತುದಿಗಳು ಮೂಲೆಗಳು. ತಿಕ್ಕುವಾಗ ಅಂಚಿನ ಆಚೆ ಬದಿಗೆ ಉಕ್ಕು ಸಣ್ಣಗೆ ಮಡಚಿಕೊಂಡು ಜುಂಗಿನ ಹಾಗೆ ಏಳುತ್ತದೆ ನೋಡಿ, ಅದು ಬರ್.

ಗೌಜ್‌ಗಳ ಮೇಲೆ ನಂಬರ್ ಇರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಿಯ ಪ್ರಕಾರ 3 ಅಂದರೆ ಹೆಚ್ಚುಕಮ್ಮಿ ಚಪ್ಪಟೆ, 9 ಅಂದರೆ ಸುಮಾರು ಅರ್ಧ ವೃತ್ತ, 11 ಅಂದರೆ ಆಳವಾದ ಯು ಆಕಾರ, 39 ಅಂದರೆ 60 ಡಿಗ್ರಿಯ ವಿ ಉಳಿ. ಈ ನಂಬರ್ ಸಾಣೆಗೆ ಯಾಕೆ ಬೇಕು ಅಂದರೆ, ಉಳಿಯನ್ನು ಎಷ್ಟು ಹೊರಳಿಸಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ. 3ಕ್ಕೆ ಸ್ವಲ್ಪ ಹೊರಳಿಸಿದರೆ ಸಾಕು. 9ಕ್ಕೆ ಈ ಮೂಲೆಯಿಂದ ಆ ಮೂಲೆಗೆ ಪೂರಾ ಅರ್ಧ ಸುತ್ತು ಹೊರಳಬೇಕು. ಅದಕ್ಕೇ ಕಲಿಯುವವರು 3 ಅಥವಾ 5ರಲ್ಲಿ ಶುರು ಮಾಡಿ. ಅಗಲ 10ರಿಂದ 15 ಮಿಲಿಮೀಟರ್ ಇರಲಿ. ಮೊದಲ ದಿನವೇ 3 ಮಿಲಿಮೀಟರಿನ ಪುಟ್ಟ ಉಳಿ ಹಿಡಿಯಬೇಡಿ.

ಏನೇನು ಬೇಕು

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಒಂದು. ಒಂದು ಮುಖ ಒರಟು, ಇನ್ನೊಂದು ನಯ. ಆದರೆ ಈ ಕಲ್ಲು ಆಕಾರ ಕೊಡುವುದಕ್ಕೆ ಮಾತ್ರ, ಇದರ ನಯವಾದ ಮುಖವೂ ಕೆತ್ತನೆ ಉಳಿಗೆ ಒರಟೇ. ಅದಾದ ಮೇಲೆ 1000 ಗ್ರಿಟ್‌ನ ವಾಟರ್ ಸ್ಟೋನ್ ಬೇಕು. ಗ್ರಿಟ್ ಅಂದರೆ ಕಲ್ಲಿನ ಕಣದ ನಂಬರ್, ನಂಬರ್ ಜಾಸ್ತಿ ಆದಷ್ಟೂ ಕಲ್ಲು ನಯ. ವಾಟರ್ ಸ್ಟೋನ್ ದುಬಾರಿ ಅನ್ನಿಸಿದರೆ ಪೇಂಟ್ ಅಂಗಡಿಯ ವಾಟರ್ ಪೇಪರ್ ತನ್ನಿ. 400, 800, 1500, 2000 ಒಂದೊಂದು ಹಾಳೆ. ದಪ್ಪ ಗಾಜಿನ ಮೇಲೋ ಗ್ರಾನೈಟ್ ತುಂಡಿನ ಮೇಲೋ ನೀರು ಹಾಕಿ ಅಂಟಿಸಿದರೆ ಅದೇ ಕಲ್ಲು. ಪೇಪರ್ ಮೇಲೆ ಉಳಿಯನ್ನು ಅಂಚಿನ ಕಡೆಗೆ ತಳ್ಳಬೇಡಿ, ಪೇಪರನ್ನೇ ಕೊಯ್ದುಬಿಡುತ್ತದೆ.

ಉಳಿಯ ಒಳಮೈಗೆ ಸ್ಲಿಪ್ ಸ್ಟೋನ್ ಬೇಕು. ಅಂಚು ದುಂಡಗಿರುವ ಪುಟ್ಟ ಕಲ್ಲು ಅದು. ಸಿಗದಿದ್ದರೆ ಒಂದು ದುಂಡು ಮರದ ಕಡ್ಡಿಗೆ ವಾಟರ್ ಪೇಪರ್ ಬಿಗಿಯಾಗಿ ಸುತ್ತಿ, ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಒಂದು ತೊಗಲಿನ ಪಟ್ಟಿ ಬೇಕು. ಹಳೇ ಕಾಲದ ಕ್ಷೌರದಂಗಡಿಯಲ್ಲಿ ಕತ್ತಿ ಉಜ್ಜುತ್ತಿದ್ದರಲ್ಲ, ಅದೇ ಕೆಲಸಕ್ಕೆ. ಹಳೆಯ ಬೆಲ್ಟ್ ಆದರೂ ಆದೀತು, ಆದರೆ ನಿಜವಾದ ತೊಗಲೇ ಇರಬೇಕು, ರೆಕ್ಸಿನ್ ಆಗುವುದಿಲ್ಲ. ಅದನ್ನು ಒರಟು ಮಗ್ಗುಲು ಮೇಲೆ ಮಾಡಿ ಮರದ ಪಟ್ಟಿಗೆ ಅಂಟಿಸಿ. ಮೇಲೆ ಸವರಲು ಹಸಿರು ಬಫಿಂಗ್ ಸೋಪ್, ಅಂದರೆ ಸ್ಟೀಲ್ ಪಾಲಿಶ್ ಮಾಡುವವರು ಬಳಸುವ ಹಸಿರು ಗಟ್ಟಿ. ಅದರ ಹಸಿರು ಬಣ್ಣ ಕ್ರೋಮಿಯಂ ಆಕ್ಸೈಡಿನದು, ಉಕ್ಕನ್ನು ಸೂಕ್ಷ್ಮವಾಗಿ ಉಜ್ಜುವುದು ಅದೇ.

ಇನ್ನು ಒಂದು ಪರ್ಮನೆಂಟ್ ಮಾರ್ಕರ್, ಒಂದು ಟೇಬಲ್ ಲ್ಯಾಂಪ್. ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಭೂತಗನ್ನಡಿ ಸಿಕ್ಕರೆ ಬಹಳ ಒಳ್ಳೆಯದು.

ಕಲ್ಲಿಗೆ ಎಣ್ಣೆಯೋ ನೀರೋ? ಕಾರ್ಬೊರಂಡಮ್‌ಗೆ ಎರಡೂ ಆಗುತ್ತದೆ, ಆದರೆ ಒಂದನ್ನೇ ಹಿಡಿಯಿರಿ. ಎಣ್ಣೆ ಕುಡಿದ ಕಲ್ಲು ಆಮೇಲೆ ನೀರು ಹಿಡಿಯುವುದಿಲ್ಲ. ಎಣ್ಣೆ ಅಂದರೆ ಹೊಲಿಗೆ ಯಂತ್ರದ ತೆಳು ಎಣ್ಣೆ. ಅಡುಗೆಮನೆಯ ಎಣ್ಣೆ ದಯವಿಟ್ಟು ಬೇಡ. ಕೆಲವು ವಾರದಲ್ಲಿ ಅದು ಅಂಟಾಗಿ ಕಲ್ಲಿನ ಕಣಗಳನ್ನೆಲ್ಲ ಮುಚ್ಚಿಬಿಡುತ್ತದೆ, ಆಮೇಲೆ ಉಳಿ ಸುಮ್ನೆ ಜಾರುತ್ತದೆ ಅಷ್ಟೇ.

1. ಉಳಿಯನ್ನು ಬೆಳಕಿಗೆ ಹಿಡಿದು ನೋಡಿ

ಲ್ಯಾಂಪ್ ನಿಮ್ಮ ಎದುರಿಗಿರಲಿ. ಉಳಿಯ ಬಾಯಿ ನಿಮ್ಮ ಕಡೆ ತಿರುಗಿರಲಿ. ನಿಧಾನಕ್ಕೆ ಮೇಲೆ ಕೆಳಗೆ ವಾಲಿಸಿ. ಎಲ್ಲಿ ಮೊಂಡಾಗಿದೆಯೋ ಅಲ್ಲಿ ಬಿಳಿ ಗೆರೆ ಮಿನುಗುತ್ತದೆ. ಮುಕ್ಕಾಗಿರುವ ಕಡೆ ಗೆರೆಯಲ್ಲ, ಒಂದು ಚುಕ್ಕೆ ಹೊಳೆಯುತ್ತದೆ. ಮುಕ್ಕಿಲ್ಲ, ಬಾಯಿ ನೇರವಾಗಿದೆ, ಗೆರೆ ಕೂದಲಿನಷ್ಟು ತೆಳ್ಳಗಿದೆ ಅಂದರೆ 2ನೇ ಹಂತ ಬೇಡ, ಸೀದಾ 4ಕ್ಕೆ ಹೋಗಿ, ಅಲ್ಲೂ ನಯವಾದ ಕಲ್ಲಿನಿಂದಲೇ ಶುರು ಮಾಡಿ. ಸುಮ್ಮನೆ ಉಕ್ಕು ಸವೆಸಬೇಡಿ.

2. ಬಾಯಿ ನೇರ ಮಾಡಿ

ಇದಕ್ಕೆ ಎಲ್ಲರೂ ಹಿಂಜರಿಯುತ್ತಾರೆ. ಉಳಿಯನ್ನು ನಯವಾದ ಕಲ್ಲಿನ ಮೇಲೆ ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿ, ಭಾರ ಹಾಕದೆ ಹಗುರವಾಗಿ ಎಳೆಯಿರಿ. ಹೌದು, ಇದ್ದ ಹರಿತವೂ ಹೋಗುತ್ತದೆ. ಹೋಗಲಿ. ಮುಕ್ಕುಗಳು ಮಾಯವಾಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಬಾಯಿ ಒಂದೇ ನೇರಕ್ಕೆ ಬರುವವರೆಗೆ ಎಳೆಯಿರಿ.

ಈಗ ಮತ್ತೆ ಬೆಳಕಿಗೆ ಹಿಡಿಯಿರಿ. ಇಡೀ ಬಾಯಿಗೆ ಬಿಳಿ ಗೆರೆ ಬಂದಿರುತ್ತದೆ, ಆದರೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಒಂದು ಕಡೆ ದಾರದಷ್ಟು, ಇನ್ನೊಂದು ಕಡೆ ಕೂದಲಿನಷ್ಟು. ಇದೇ ನಿಮ್ಮ ನಕ್ಷೆ. ದಪ್ಪ ಇರುವಲ್ಲಿ ಓರೆಯಿಂದ ಉಕ್ಕು ತೆಗೆಯಬೇಕು, ತೆಳು ಇರುವಲ್ಲಿ ಕೈ ಹಗುರ ಮಾಡಬೇಕು. ಇನ್ನು ಮುಂದೆ ತಿಕ್ಕುವುದೆಲ್ಲ ಈ ಗೆರೆಯನ್ನು ಎಲ್ಲ ಕಡೆ ಸಮವಾಗಿ ತೆಳ್ಳಗೆ ಮಾಡುವುದಕ್ಕೇ.

3. ಓರೆ ಎಷ್ಟು ಡಿಗ್ರಿ ಇರಬೇಕು ಅಂತ ತೀರ್ಮಾನಿಸಿ

ಮೆದು ಮರಕ್ಕೆ 20 ಡಿಗ್ರಿ. ತೇಗ, ಶ್ರೀಗಂಧದಂಥವಕ್ಕೆ 25. ಬೀಟೆಯಂಥ ಗಟ್ಟಿ ಮರಕ್ಕೆ, ಅದರಲ್ಲೂ ಕೊಡತಿಯಿಂದ ಹೊಡೆದು ಕೆತ್ತುವುದಾದರೆ, 30ರ ಹತ್ತಿರ. ತೀರಾ ಸಣ್ಣ ಕೋನ ಇಟ್ಟರೆ ಗಟ್ಟಿ ಮರದಲ್ಲಿ ಬಾಯಿ ಮುಕ್ಕಾಗುತ್ತದೆ, ದೊಡ್ಡ ಕೋನ ಇಟ್ಟರೆ ಉಳಿ ಮರದೊಳಗೆ ಇಳಿಯುವುದೇ ಕಷ್ಟ.

ಕೋನ ಅಳೆಯಲು ಉಪಕರಣ ಬೇಡ. ಉಕ್ಕಿನ ದಪ್ಪ ನೋಡಿ. ಓರೆಯ ಉದ್ದ ದಪ್ಪದ 2 ಪಟ್ಟು ಇದ್ದರೆ 30 ಡಿಗ್ರಿ, ಸುಮಾರು 3 ಪಟ್ಟು ಇದ್ದರೆ 20 ಡಿಗ್ರಿ. ಅಂದರೆ 3 ಮಿಲಿಮೀಟರ್ ದಪ್ಪದ ಉಳಿಗೆ 6 ಮಿಲಿಮೀಟರ್ ಓರೆ ಇದ್ದರೆ 30, 7 ಇದ್ದರೆ 25, 9ರ ಹತ್ತಿರ ಇದ್ದರೆ 20.

4. ಹೊರಗಿನ ಓರೆ ತಿಕ್ಕಿ

ಜಾಸ್ತಿ ಹೊತ್ತು ಹಿಡಿಯುವುದು, ಜಾಸ್ತಿ ಜನ ಎಡವುವುದು ಇಲ್ಲೇ. ನಿಧಾನ ಮಾಡಿ.

ಮೊದಲು ಓರೆಗೆಲ್ಲ ಮಾರ್ಕರ್ ಬಳಿಯಿರಿ. ಕಲ್ಲನ್ನು ನಿಮ್ಮ ಮುಂದೆ ಅಡ್ಡ ಇಡಿ, ಕೆಳಗೆ ಒದ್ದೆ ಬಟ್ಟೆ ಹಾಕಿ, ಜಾರಬಾರದು. ಬಲಗೈಯಲ್ಲಿ ಹಿಡಿ, ಎಡಗೈಯ ಎರಡು ಬೆರಳು ಬಾಯಿಯ ಹತ್ತಿರ ಉಳಿಯ ಮೇಲೆ. ಹಿಮ್ಮಡಿಯನ್ನು ಮೊದಲು ಕಲ್ಲಿಗೆ ತಾಗಿಸಿ, ಆಮೇಲೆ ಬಾಯಿಯೂ ತಾಗುವವರೆಗೆ ಹಿಡಿಯನ್ನು ಮೆಲ್ಲಗೆ ಎತ್ತಿ. ಕಲ್ಲಿನ ಮೇಲಿನ ನೀರು ಬಾಯಿಯ ಕೆಳಗಿಂದ ಮುಂದಕ್ಕೆ ಸರಿದಾಗ ಬಾಯಿ ತಾಗಿತು ಅಂತ ಅರ್ಥ. ಆ ಎತ್ತರದಲ್ಲೇ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ.

ಈಗ ಕಲ್ಲಿನ ಉದ್ದಕ್ಕೆ ಎಡದಿಂದ ಬಲಕ್ಕೆ ಸಾಗಿಸುತ್ತಾ ಉಳಿಯನ್ನು ಹೊರಳಿಸಿ. ಎಡ ತುದಿಯಲ್ಲಿ ಹೊರಡುವಾಗ ಒಂದು ಮೂಲೆಯ ಪಕ್ಕದ ಓರೆ ಕಲ್ಲಿಗೆ ತಾಗಿರಬೇಕು, ನಡುವಿಗೆ ಬಂದಾಗ ನಡುಬಾಯಿ, ಬಲ ತುದಿಗೆ ಬಂದಾಗ ಇನ್ನೊಂದು ಮೂಲೆ. ವಾಪಸ್ ಬರುವಾಗ ಹಾಗೇ ಉಲ್ಟಾ. ಮೈಯೆಲ್ಲ ಪಕ್ಕಕ್ಕೆ ತೂಗಲಿ, ಹೊರಳುವುದು ಮಣಿಕಟ್ಟಿನಿಂದ ಮಾತ್ರ. ಮೊದಲು ಕಲ್ಲಿಲ್ಲದೆ ಮೇಜಿನ ಮೇಲೆ ಒಂದು ಚಮಚ ಹಿಡಿದು ಹತ್ತು ಸಲ ಅಭ್ಯಾಸ ಮಾಡಿ. ಕೈಗೆ ಲಯ ಬರುತ್ತದೆ.

ಐದಾರು ಸಲ ಆದ ಮೇಲೆ ನಿಲ್ಲಿಸಿ ನೋಡಿ. ಮಾರ್ಕರ್ ಬಣ್ಣ ಎಲ್ಲಿ ಹೋಗಿದೆ? ಹಿಮ್ಮಡಿಯ ಹತ್ತಿರ ಮಾತ್ರ ಹೋಗಿದ್ದರೆ ಹಿಡಿಯನ್ನು ಸ್ವಲ್ಪ ಎತ್ತಬೇಕು. ಬಾಯಿಯ ಹತ್ತಿರ ಮಾತ್ರ ಹೋಗಿದ್ದರೆ ಇಳಿಸಬೇಕು. ಪಟ್ಟೆ ಪಟ್ಟೆಯಾಗಿ ಹೋಗಿದ್ದರೆ ಹೊರಳಿಸುವುದು ತಡೆದು ತಡೆದು ಆಗುತ್ತಿದೆ ಅಂತ. ಬಣ್ಣ ಬಳಿಯಿರಿ, ಮತ್ತೆ ತಿಕ್ಕಿ, ಮತ್ತೆ ನೋಡಿ. ಜೊತೆಗೆ ಬಿಳಿ ಗೆರೆಯನ್ನೂ ನೋಡುತ್ತಿರಿ.

ಇಲ್ಲಿ ಆಗುವ ತಪ್ಪುಗಳು ಇವು:

ಮೂಲೆ ದುಂಡಾಗುವುದು. ಮೂಲೆ ತಾಗಿದ ಮೇಲೂ ಹೊರಳಿಸುತ್ತಾ ಹೋದರೆ ಹೀಗಾಗುತ್ತದೆ. ಮೂಲೆ ಹೋದ ಗೌಜ್ ಬಳ್ಳಿಯ ಸಂದಿಯಲ್ಲಿ, ಎಲೆಯ ತುದಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಸರಿ ಮಾಡಲು ಒಂದೇ ದಾರಿ, 2ನೇ ಹಂತಕ್ಕೆ ವಾಪಸ್.

ನಡುಬಾಯಿ ನಾಲಿಗೆಯ ಹಾಗೆ ಮುಂದೆ ಬರುವುದು. ಕೈ ತಿರುಗಿಸುವಾಗ ಎರಡೂ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತೇವೆ ಅಲ್ವಾ? ಆ ಒಂದು ಕ್ಷಣದಲ್ಲೇ ಮೂಲೆಗಳ ಕಡೆ ಜಾಸ್ತಿ ಸವೆಯುತ್ತದೆ. ತುದಿಗೆ ಬರುವಾಗ ಬೆರಳ ಒತ್ತಡ ಬಿಡಿ, ನಡುವೆ ಬರುವಾಗ ಒತ್ತಿ.

ಓರೆಗೆ ಹೊಟ್ಟೆ ಬರುವುದು. ಹಿಡಿ ಮೇಲೆ ಕೆಳಗೆ ಆಡಿದರೆ ಓರೆ ಚಪ್ಪಟೆಯಾಗಿರದೆ ಉಬ್ಬುತ್ತದೆ. ಕೆತ್ತುವಾಗ ಓರೆ ಮರದ ಮೇಲೆ ಕೂತು ಉಳಿಗೆ ದಾರಿ ತೋರಿಸಬೇಕು. ಉಬ್ಬಿದ ಓರೆ ಹಾಗೆ ಕೂರುವುದಿಲ್ಲ, ಉಳಿಯನ್ನು ತೀರಾ ಎತ್ತಿ ಹಿಡಿದರೆ ಮಾತ್ರ ಕಚ್ಚುತ್ತದೆ, ಆಮೇಲೆ ಒಮ್ಮೆಲೇ ಆಳಕ್ಕೆ ಹೋಗಿಬಿಡುತ್ತದೆ. ಹರಿತ ಇದ್ದರೂ ಉಳಿ ಮಾತು ಕೇಳುತ್ತಿಲ್ಲ ಅನ್ನುವವರು ಮೊದಲು ಇದನ್ನು ನೋಡಿ.

ಒರಟು ಕಲ್ಲಿನಲ್ಲೇ ಬಿಳಿ ಗೆರೆಯನ್ನು ಪೂರ್ತಿ ಅಳಿಸಲು ಹೋಗಬೇಡಿ. ಕೂದಲಿನಷ್ಟು ಉಳಿದಾಗ ನಿಲ್ಲಿಸಿ 1000ಕ್ಕೆ ಹೋಗಿ, ಆಮೇಲೆ 2000 ಅಥವಾ ಅದಕ್ಕಿಂತ ನಯದ್ದಕ್ಕೆ. ಒರಟು ಕಲ್ಲಿನಲ್ಲಿ ದೊಡ್ಡ ಬರ್ ಎದ್ದರೆ ಅದು ಮುರಿದು ಹೋಗುವಾಗ ಅಂಚನ್ನೂ ಕಿತ್ತುಕೊಂಡು ಹೋಗುತ್ತದೆ. ಪ್ರತಿ ಕಲ್ಲಿಗೆ ಹೋಗುವ ಮೊದಲು ಉಳಿಯನ್ನೂ ಕೈಯನ್ನೂ ತೊಳೆಯಿರಿ. ಒಂದು ಒರಟು ಕಣ ನಯವಾದ ಕಲ್ಲಿಗೆ ಬಂದರೂ ಗೀರು ಬೀಳುತ್ತದೆ.

ನಯದ ಕಲ್ಲಿನಲ್ಲಿ ಗೆರೆ ಪೂರಾ ಮಾಯವಾದಾಗ ಒಳಮೈಯಲ್ಲಿ ತೆಳ್ಳಗೆ ಬರ್ ಎದ್ದಿರುತ್ತದೆ. ಬೆರಳನ್ನು ಒಳಗಿನಿಂದ ಬಾಯಿಯ ಆಚೆಗೆ ಸವರಿದರೆ ತಡೆಯುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ, ಕೊಯ್ಯುತ್ತದೆ. ಎರಡೂ ಮೂಲೆವರೆಗೆ ಬರ್ ಸಿಗಬೇಕು. ಸಿಗದ ಜಾಗ ಇನ್ನೂ ಆಗಿಲ್ಲ.

5. ಒಳಮೈ

ಸ್ಲಿಪ್ ಸ್ಟೋನಿನ ದುಂಡು ಉಳಿಯ ಬಾಗಿಗಿಂತ ಸ್ವಲ್ಪ ಚಿಕ್ಕದಿರಬೇಕು. ದೊಡ್ಡದಾದರೆ ನಡುವೆ ತಾಗದೆ ಎರಡು ಬದಿಯನ್ನು ಮಾತ್ರ ಕೊರೆಯುತ್ತದೆ. ಉಳಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಕಲ್ಲನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತಾ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸುತ್ತಾ ಹೋಗಿ. ಕಲ್ಲು ಹಿಡಿದ ಬೆರಳು ಬಾಯಿಯ ಮಟ್ಟಕ್ಕಿಂತ ಮೇಲೆ ಬರದಿರಲಿ. ಕೈ ಕುಯ್ದುಕೊಳ್ಳುವುದು ಜಾಸ್ತಿ ಈ ಹಂತದಲ್ಲೇ.

ಕಲ್ಲನ್ನು ಮಟ್ಟಸವಾಗಿ ಇಟ್ಟರೆ ಬರ್ ಮಾತ್ರ ಹೋಗುತ್ತದೆ. 5ರಿಂದ 10 ಡಿಗ್ರಿ ಎತ್ತಿ ತಿಕ್ಕಿದರೆ ಒಳಗೂ ಒಂದು ಪುಟ್ಟ ಓರೆ ಬರುತ್ತದೆ. ಗಟ್ಟಿ ಮರದಲ್ಲಿ ಕೆತ್ತುವವರಿಗೆ ನಾನು ಒಳ ಓರೆ ಬೇಕೇ ಬೇಕು ಅನ್ನುತ್ತೇನೆ. ಅಂಚಿಗೆ ಬಲ ಬರುತ್ತದೆ, ಉಳಿಯನ್ನು ಬೋರಲು ಹಿಡಿದು ಮಣಿಯ ಹಾಗೆ ಉಬ್ಬು ಕೆತ್ತುವಾಗ ಆ ಓರೆಯೇ ಆಧಾರ. ಆದರೆ ಹೊರ ಓರೆಯ ಕಾಲು ಭಾಗಕ್ಕಿಂತ ಉದ್ದ ಬೇಡ. ಇನ್ನೊಂದು ವಿಷಯ ನೆನಪಿರಲಿ, ಒಳ ಕೋನವೂ ಲೆಕ್ಕಕ್ಕೆ ಸೇರುತ್ತದೆ. ಹೊರಗೆ 20, ಒಳಗೆ 5 ಇದ್ದರೆ ಅಂಚು 25 ಡಿಗ್ರಿ ಆಯಿತು.

6. ತೊಗಲಿನ ಮೇಲೆ

ಸೋಪನ್ನು ತೊಗಲಿಗೆ ತೆಳ್ಳಗೆ ಸವರಿ. ಉಳಿಯನ್ನು ಯಾವಾಗಲೂ ನಿಮ್ಮ ಕಡೆ ಎಳೆಯಿರಿ, ಬಾಯಿ ಹಿಂದೆ ಬರಬೇಕು. ಮುಂದಕ್ಕೆ ತಳ್ಳಿದರೆ ತೊಗಲು ಕತ್ತರಿಸಿ ಹೋಗುತ್ತದೆ. ಎಳೆಯುವಾಗಲೂ ಕಲ್ಲಿನ ಮೇಲೆ ಮಾಡಿದ ಹಾಗೆ ಹೊರಳಿಸಿ. ಹತ್ತು ಹದಿನೈದು ಸಲ ಸಾಕು. ಕೊನೆಗೆ ಹಿಡಿ ಎತ್ತುವ ಅಭ್ಯಾಸ ಬೇಡ, ಅಷ್ಟು ಹೊತ್ತು ಕಷ್ಟಪಟ್ಟು ಮಾಡಿದ ಅಂಚನ್ನು ಆ ಒಂದು ಎತ್ತುವಿಕೆ ದುಂಡು ಮಾಡುತ್ತದೆ. ಮೆತ್ತನೆಯ ದಪ್ಪ ತೊಗಲು ಕೂಡ ಇದೇ ಕಾರಣಕ್ಕೆ ಒಳ್ಳೆಯದಲ್ಲ. ಒಳಮೈಗೆ ತೊಗಲಿನ ತುಂಡನ್ನು ಮಡಚಿ ಆ ಮಡಿಕೆಯಿಂದ ಉಜ್ಜಿ.

ಒಂದು ಸುಲಭದ ದಾರಿಯೂ ಇದೆ. ಮೆದು ಮರದ ತುಂಡಿನಲ್ಲಿ ಅದೇ ಗೌಜ್‌ನಿಂದ ಉದ್ದಕ್ಕೆ ಒಂದು ಕಾಲುವೆ ಕೆತ್ತಿ, ಅದಕ್ಕೆ ಸೋಪ್ ತಿಕ್ಕಿ. ಹೊರ ಓರೆ ಆ ಕಾಲುವೆಯಲ್ಲಿ ಸರಿಯಾಗಿ ಕೂರುತ್ತದೆ, ಹೊರಳಿಸುವ ಕೆಲಸವೇ ಇಲ್ಲ. ಪಕ್ಕದಲ್ಲೇ ಅದೇ ಅಳತೆಯ ದುಂಡು ದಿಣ್ಣೆ ಮಾಡಿಕೊಂಡರೆ ಒಳಮೈಗೂ ಆಯಿತು.

7. ಮರದ ಮೇಲೆ ಪರೀಕ್ಷೆ

ಬೆರಳ ಮೇಲೆ, ಉಗುರಿನ ಮೇಲೆ ಪರೀಕ್ಷೆ ಬೇಡ. ಮೆದು ಮರ ತೆಗೆದುಕೊಳ್ಳಿ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಆದರೆ ಸಾಕು. ಎಳೆಗೆ ಅಡ್ಡಲಾಗಿ ಒಂದು ಕೊಯ್ತ ಕೊಯ್ಯಿರಿ. ಮೆದು ಮರ ಯಾಕೆ ಅಂದರೆ, ಗಟ್ಟಿ ಮರ ಅರ್ಧಂಬರ್ಧ ಹರಿತದ ಉಳಿಯನ್ನೂ ಸಹಿಸಿಕೊಳ್ಳುತ್ತದೆ, ಮೆದು ಮರದ ಎಳೆ ಮಾತ್ರ ಜಜ್ಜಿ ಹರಿಯುತ್ತದೆ. ಕೊಯ್ದ ಜಾಗ ನೀರು ಸವರಿದ ಹಾಗೆ ಹೊಳೆದರೆ ಉಳಿ ಸರಿಯಾಗಿದೆ. ಹೊಳಪಿನ ನಡುವೆ ಉದ್ದಕ್ಕೆ ಗೀರು ಕಂಡರೆ ಬಾಯಿಯಲ್ಲಿ ಆ ಜಾಗದಲ್ಲೇ ಮುಕ್ಕು ಉಳಿದಿದೆ, ಮತ್ತೆ ಬೆಳಕಿಗೆ ಹಿಡಿದು ಹುಡುಕಿ.

ವಿ ಉಳಿಯ ಕೊಕ್ಕು

ವಿ ಉಳಿಯನ್ನು ಎರಡು ಚಪ್ಪಟೆ ಉಳಿ ಅಂತ ತಿಳಿದು ಒಂದೊಂದು ಬದಿಯನ್ನೂ ಬೇರೆಬೇರೆಯಾಗಿ, ಎಣಿಸಿಕೊಂಡು ಸಮವಾಗಿ ತಿಕ್ಕಿ. ಆಗ ಎರಡೂ ಸೇರುವ ತಳದಲ್ಲಿ ಒಂದು ಸಣ್ಣ ಕೊಕ್ಕು ಮುಂದಕ್ಕೆ ಚಾಚುತ್ತದೆ. ಅಲ್ಲಿ ಉಕ್ಕು ದಪ್ಪ, ಎರಡು ಬದಿ ತಿಕ್ಕಿದರೂ ನಡುವಿನದು ಉಳಿದುಬಿಡುತ್ತದೆ. ಇದು ನಿಮ್ಮ ತಪ್ಪಲ್ಲ, ಎಲ್ಲ ವಿ ಉಳಿಯಲ್ಲೂ ಬರುತ್ತದೆ. ಆ ತಳವನ್ನು ಒಂದು ತೀರಾ ಚಿಕ್ಕ ಗೌಜ್ ಅಂದುಕೊಂಡು ಕಲ್ಲಿನ ಮೇಲೆ ಹಗುರವಾಗಿ ಹೊರಳಿಸಿದರೆ ಕೊಕ್ಕು ಹೋಗುತ್ತದೆ. ಕೊಕ್ಕಿನ ಬದಲು ಅಲ್ಲಿ ತೂತಿನ ಹಾಗೆ ಒಳಕ್ಕೆ ಹೋಗಿದ್ದರೆ ತಳವನ್ನು ಜಾಸ್ತಿ ತಿಕ್ಕಿದ್ದೀರಿ, 2ನೇ ಹಂತದಿಂದ ಮತ್ತೆ ಶುರು ಮಾಡಿ.

ಗ್ರೈಂಡರ್ ಬಗ್ಗೆ

ಬೇಗ ಆಗಲಿ ಅಂತ ಬೆಂಚ್ ಗ್ರೈಂಡರ್‌ಗೆ ಕೊಡುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಸಿಗುವ ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ 2,800 ಸುತ್ತಿನ ಆಸುಪಾಸು ತಿರುಗುತ್ತದೆ. ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ, ಮೂಲೆಗಳು ಮೊದಲು. ಉಕ್ಕು ಒಣಹುಲ್ಲಿನ ಬಣ್ಣಕ್ಕೆ ಬಂದರೆ 230 ಡಿಗ್ರಿ ಸೆಲ್ಸಿಯಸ್ ಹತ್ತಿರ, ನೀಲಿಯಾದರೆ 300ರ ಹತ್ತಿರ ಹೋಗಿದೆ ಅಂತ. ನೀಲಿಯಾದ ಉಕ್ಕಿನ ಹದ ಹೋಯಿತು, ಮೆತ್ತಗಾಯಿತು, ಅದು ಹರಿತ ನಿಲ್ಲಿಸಿಕೊಳ್ಳುವುದಿಲ್ಲ. ನೀಲಿ ಇರುವಷ್ಟನ್ನೂ ಕಲ್ಲಿನ ಮೇಲೆ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ. ದೊಡ್ಡ ಮುಕ್ಕು ತೆಗೆಯಲು ಮಾತ್ರ ಗ್ರೈಂಡರ್ ಬಳಸಿ. ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ, ಬರಿಗೈಯಲ್ಲಿ ಬಾಯಿಯ ಹತ್ತಿರ ಹಿಡಿಯಲು ಆಗುವಷ್ಟು ತಣ್ಣಗಿರಲಿ. ಕನ್ನಡಕ ಹಾಕದೆ ನಿಲ್ಲಬೇಡಿ.

ಬೇರೆ ಬಾಗಿದ ಹತ್ಯಾರುಗಳು

ಮರದ ಚಮಚ ಕೆತ್ತುವ ಕೊಕ್ಕೆ ಚಾಕು, ಬಾಚಿ, ಕುಡುಗೋಲು, ಇವಕ್ಕೆಲ್ಲ ಒಂದೇ ನಿಯಮ: ಹತ್ಯಾರನ್ನು ಅಲುಗದ ಹಾಗೆ ಕಟ್ಟಿ ಅಥವಾ ಒತ್ತಿ ಹಿಡಿದು, ಕಲ್ಲನ್ನು ಆಡಿಸಿ. ಬಾಚಿಯ ಓರೆ ಒಳಗಡೆ, ಹಿಡಿಯ ಕಡೆಗೆ ಇರುತ್ತದೆ. ಬಾಯಿ ಬಾಗಿದ್ದರೆ ಒಳಗೆ ದುಂಡು ಕಲ್ಲು, ಹೊರಗೆ ಬರ್ ತೆಗೆಯುವಷ್ಟು ಮಾತ್ರ. ಕೊಕ್ಕೆ ಚಾಕುವಿನ ಒಳಗೆ ವಾಟರ್ ಪೇಪರ್ ಸುತ್ತಿದ ಕಡ್ಡಿ, ಹೊರಗೆ ಪೇಪರ್ ಅಂಟಿಸಿದ ಚಪ್ಪಟೆ ಪಟ್ಟಿ. ಹಲ್ಲಿನ ಕುಡುಗೋಲನ್ನು ಮಾತ್ರ ಹೀಗೆ ತಿಕ್ಕಬೇಡಿ, ಹಲ್ಲು ಹೋಗುತ್ತದೆ. ಅದು ಕಮ್ಮಾರರ ಕೆಲಸ. ಲೇತ್‌ನಲ್ಲಿ ಕಡೆಯುವ ಗೌಜ್‌ನ ಲೆಕ್ಕವೂ ಬೇರೆ, ಅದರ ಓರೆ 40 ಡಿಗ್ರಿ ಆಸುಪಾಸು, ಮೇಲೆ ಹೇಳಿದ 20-25 ಅದಕ್ಕೆ ಹಾಕಬೇಡಿ.

ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ಹತ್ತಿರದಿಂದ ನೋಡಿದವರಿಗೆ ಗೊತ್ತು, ಬಳ್ಳಿಯ ಸುರುಳಿಗಳು ಎಷ್ಟು ಸಣ್ಣಗಿರುತ್ತವೆ ಅಂತ. ಅಂಥ ಕೆಲಸದ 2-3 ಮಿಲಿಮೀಟರ್ ಉಳಿಗಳನ್ನು ಒರಟು ಕಲ್ಲಿಗೆ ತೋರಿಸಲೇಬೇಡಿ. ನಯವಾದ ಕಲ್ಲಿನಲ್ಲಿ ನಾಲ್ಕೈದು ಹೊರಳು, ಆಮೇಲೆ ತೊಗಲು, ಅಷ್ಟೇ.

ಕಲ್ಲನ್ನೂ ಉಳಿಯನ್ನೂ ನೋಡಿಕೊಳ್ಳುವುದು

ಗೌಜ್ ತಿಕ್ಕಿದ ಕಲ್ಲಿನಲ್ಲಿ ತಗ್ಗು ಬೀಳುತ್ತದೆ. ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಚೌಕಳಿ ಗೆರೆ ಎಳೆದು, ಗಾಜಿನ ಮೇಲೆ 220ರ ವಾಟರ್ ಪೇಪರ್ ಇಟ್ಟು ನೀರು ಹಾಕಿ ಉಜ್ಜಿ. ಗೆರೆಗಳೆಲ್ಲ ಅಳಿಸಿದಾಗ ಕಲ್ಲು ಮಟ್ಟಸವಾಗಿದೆ. ವಾಟರ್ ಸ್ಟೋನನ್ನು ಬಳಸುವ ಮೊದಲು ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿ. ನೆನೆಸಬಾರದ ಕಲ್ಲುಗಳೂ ಇವೆ, ಡಬ್ಬಿಯ ಮೇಲೆ ಓದಿಕೊಳ್ಳಿ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕೆಲಸ ಮುಗಿದ ಕೂಡಲೇ ಉಳಿಗೆ ತೆಳ್ಳಗೆ ಎಣ್ಣೆ ಸವರಿಡಿ, ಒಂದೇ ರಾತ್ರಿಗೆ ತುಕ್ಕು ಬರುತ್ತದೆ. ಉಳಿಗಳನ್ನು ಡಬ್ಬದಲ್ಲಿ ಸುರಿದಿಡಬೇಡಿ, ಒಂದರ ಬಾಯಿ ಇನ್ನೊಂದಕ್ಕೆ ತಾಗಿದರೆ ಮುಕ್ಕು ಖಂಡಿತ. ದಪ್ಪ ಬಟ್ಟೆಯಲ್ಲಿ ಒಂದೊಂದಕ್ಕೂ ಬೇರೆ ಜೇಬು ಹೊಲಿಸಿ.

ಎಷ್ಟು ದಿನಕ್ಕೊಮ್ಮೆ ಸಾಣೆ ಹಿಡಿಯಬೇಕು ಅಂತ ಕೇಳುತ್ತಾರೆ. ದಿನದ ಲೆಕ್ಕ ಬೇಡ. ಕೆತ್ತುವಾಗ ಅರ್ಧ ಗಂಟೆಗೊಮ್ಮೆ ತೊಗಲಿನ ಮೇಲೆ ಎಳೆಯಿರಿ. ತೇಗದಲ್ಲಿ ಇನ್ನೂ ಬೇಗ ಬೇಕಾಗುತ್ತದೆ, ಆ ಮರದಲ್ಲಿ ಸಿಲಿಕಾ ಇದೆ, ಅಂದರೆ ಮರಳಿನ ಅಂಶ, ಅದು ಉಳಿಯ ಬಾಯಿಯನ್ನು ಸವೆಸುತ್ತದೆ. ತೊಗಲಿಗೆ ಎಳೆದರೂ ಕೊಯ್ತದಲ್ಲಿ ಹೊಳಪು ಬರುತ್ತಿಲ್ಲ ಅಂದಾಗ ನಯವಾದ ಕಲ್ಲಿಗೆ ಹೋಗಿ, 4ನೇ ಹಂತದಿಂದ. ಒರಟು ಕಲ್ಲು ತೆಗೆಯುವುದು ಬಾಯಿ ಮುಕ್ಕಾದಾಗ ಅಥವಾ ಉಳಿ ಕೈತಪ್ಪಿ ಸಿಮೆಂಟ್ ನೆಲಕ್ಕೆ ಬಿದ್ದಾಗ ಮಾತ್ರ.